ವೇಣುಗೋಪಾಲನ ಸುರಕ್ಷಿತ ಜಾಗ

ಆರ್.ಟಿ. ನಗರದ ವೇಣುಗೋಪಾಲ ಹ್ಯಾಕರ್‌ಗಳಿಗೆ ಹೆದರಿದಷ್ಟು ಹೆಂಡತಿಗೆ ಹೆದರಿದವನಲ್ಲ. ಲೆಕ್ಕ ಉಲ್ಟಾ ಇರಬೇಕಿತ್ತು ಎಂದು ಅವನಿಗೆ ಒಂದು ಭಾನುವಾರ ಗೊತ್ತಾಯಿತು.

ಹೆಬ್ಬಾಳದ ಫ್ಲೈಓವರ್ ದಾಟಿದರೆ ಸಿಗುವ ಒಂದು ಕಂಪನಿಯಲ್ಲಿ ಅವನ ಕೆಲಸ. ಹೊಸ ಕಾರುಗಳ ಹೊಟ್ಟೆಯಲ್ಲಿರುವ ಕಂಪ್ಯೂಟರ್‌ಗಳಿಗೆ ಯಾರೂ ಕನ್ನ ಹಾಕದಂತೆ ನೋಡಿಕೊಳ್ಳುವ ಕಂಪನಿ ಅದು. ಅಲ್ಲಿನ ಹುಡುಗ ಹುಡುಗಿಯರು ದಿನವಿಡೀ ತಾವೇ ಕಳ್ಳರಾಗಿ ಕಾರಿನೊಳಗೆ ನುಗ್ಗಿ, ತೂತು ಎಲ್ಲಿದೆ ಎಂದು ಹುಡುಕಿ, ಮುಚ್ಚುತ್ತಾರೆ. ವೇಣುಗೋಪಾಲನಿಗೆ ಆ ವಿದ್ಯೆ ಬಾರದು. ಅವನದು ಖರೀದಿ ವಿಭಾಗ. ಯಂತ್ರ, ವೈರು, ಕುರ್ಚಿ, ಕಾಫಿಪುಡಿ ತರಿಸಿಕೊಡುವುದು. ಆದರೆ ಊಟದ ಮೇಜಿನಲ್ಲಿ ಆ ಮಕ್ಕಳ ಮಾತು ಕೇಳಿ ಕೇಳಿ, ವಿದ್ಯೆ ಬರದಿದ್ದರೂ ಭಯ ಪೂರ್ತಿ ಬಂದುಬಿಟ್ಟಿತ್ತು.

ಮನೆಗೆ ಹೊಸ ಕಾರು ಬರುವುದಕ್ಕೆ ಮುಂಚೆಯೇ ಮಹಾಶಯ ಅಲ್ಯೂಮಿನಿಯಂ ಫಾಯಿಲ್ ತಂದಿಟ್ಟುಕೊಂಡ. ಕೂಸು ಹುಟ್ಟುವ ಮುನ್ನ ಕುಲಾವಿ! ಈಗಿನ ಕೀ ಜೇಬಿನಲ್ಲಿದ್ದರೆ ಸಾಕು, ಕಾರಿನ ಬಾಗಿಲು ತೆರೆಯುತ್ತದೆ. ಮನೆಯೊಳಗಿನ ಕೀ ಕಳಿಸುವ ಸಂಕೇತವನ್ನು ಕಳ್ಳರು ಗೋಡೆಯಾಚೆ ನಿಂತೇ ಹಿಡಿದು ಕಾರಿಗೆ ಮುಟ್ಟಿಸುತ್ತಾರಂತೆ. ಆದ್ದರಿಂದ ವೇಣುಗೋಪಾಲ ಕೀಯನ್ನು ಫಾಯಿಲ್‌ನಲ್ಲಿ ಸುತ್ತಿ, ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿ ಮಾಡುತ್ತಿದ್ದ. ಎರಡನೆಯ ಕೀ ಬ್ಯಾಂಕ್ ಲಾಕರಿನಲ್ಲಿ. ಫೋನಿನಿಂದ ಕಾರು ತೆರೆಯುವ ಆ್ಯಪನ್ನು ಮೊದಲ ವಾರವೇ ಅಳಿಸಿ, ಅದರ ಖಾತೆಯನ್ನೂ ಮುಚ್ಚಿಸಿದ. ಕೀ ಎಲ್ಲಿರುತ್ತದೆ ಎಂದು ಮನೆಯವರಿಗೂ ಹೇಳುತ್ತಿರಲಿಲ್ಲ. "ಗೊತ್ತಿರೋರು ಜಾಸ್ತಿ ಆದಷ್ಟೂ ಅಪಾಯ ಕಣೇ" ಎನ್ನುತ್ತಿದ್ದ.

ಹೆಂಡತಿ ಗೋದಾ ಹಳೆಯ ಚಿಕ್ಕ ಕಾರನ್ನು ವರ್ಷಗಟ್ಟಲೆ ಯಶವಂತಪುರದ ಮಾರ್ಕೆಟ್ಟಿನ ಲಾರಿಗಳ ನಡುವೆ ನುಗ್ಗಿಸಿದವಳು. ಹೊಸ ಕಾರಿನ ಸ್ಟಿಯರಿಂಗ್ ಅವಳ ಕೈಗೆ ಸಿಕ್ಕಿದ್ದು ಪೂಜೆಯ ದಿನ ಕುಂಕುಮ ಹಚ್ಚುವಾಗ ಮಾತ್ರ. "ಇದು ಕಾರಲ್ಲ, ಚಕ್ರ ಇರೋ ಕಂಪ್ಯೂಟರ್" ಎಂಬ ಒಂದೇ ಮಾತಿನಲ್ಲಿ ವೇಣುಗೋಪಾಲ ಅವಳನ್ನು ಪಕ್ಕದ ಸೀಟಿಗೆ ಸರಿಸಿದ್ದ.

ಆ ಭಾನುವಾರ ಗೋದಾಳ ಪಾಲಿಗೆ ಪರೀಕ್ಷೆ. ಬೀದಿಯವರಿಗಷ್ಟೇ ಒಬ್ಬಟ್ಟು ಮಾಡಿಕೊಡುತ್ತಿದ್ದವಳಿಗೆ ಮೊದಲ ದೊಡ್ಡ ಆರ್ಡರ್ ಬಂದಿತ್ತು. ಜಕ್ಕೂರಿನ ಮುನಿಆಂಜಿನಪ್ಪ ಹಳೆಯ ರಾಗಿ ಹೊಲದ ಮೇಲೆ ಮೂರಂತಸ್ತು ಎಬ್ಬಿಸಿದ್ದ. ಅದರ ಗೃಹಪ್ರವೇಶದ ಊಟಕ್ಕೆ ಇನ್ನೂರು ಒಬ್ಬಟ್ಟು. ಚೆನ್ನಾಗಿದ್ದರೆ ಅವನ ಮಗಳ ಮದುವೆಯ ಸಿಹಿಯೂ ಅವಳದೇ. ತಡವಾದರೆ ಆ ಕಡೆ ಯಾರೂ ಮತ್ತೆ ಗೋದಾ ಹೆಸರು ಎತ್ತುವುದಿಲ್ಲ; ಊರೆಲ್ಲ ಅವನ ನೆಂಟರೇ.

ಡಬ್ಬಗಳನ್ನೆಲ್ಲ ಡಿಕ್ಕಿಗೆ ತುಂಬಿ ವೇಣುಗೋಪಾಲ ಕಾರು ಲಾಕ್ ಮಾಡಿದ. ಸ್ನಾನ ಮಾಡಿ ಹೊರಡುವುದೆಂದು ತೀರ್ಮಾನ. ಸ್ನಾನದ ಹೊತ್ತಿಗೂ ಕೀ ಬಿಟ್ಟಿರಬಾರದಲ್ಲ? ಅವನ ಮಾಮೂಲಿ ಡಬ್ಬಿಯನ್ನು ಗೋದಾ ತುಪ್ಪಕ್ಕೆ ತೆಗೆದುಕೊಂಡಿದ್ದಳು. ಕಟ್ಟೆಯ ಮೇಲೆ ತೊಳೆದಿಟ್ಟಿದ್ದ ಇನ್ನೊಂದು ಡಬ್ಬಿಯಲ್ಲಿ ಕೀ ಇಟ್ಟು ಬಚ್ಚಲಿಗೆ ಹೋದ. ಬಂದು ನೋಡಿದರೆ ಡಬ್ಬಿಯೇ ಇಲ್ಲ.

"ಕೀ ಎಲ್ಲಿಟ್ಟಿದ್ರಿ?" ಗೋದಾ ಕೇಳಿದಳು.

"ಸುರಕ್ಷಿತವಾದ ಜಾಗದಲ್ಲಿ."

"ಅದು ಯಾವುದು?"

"ಅದು ಹೇಳೋ ಹಾಗಿಲ್ಲ."

ಬೇರೆ ಹೆಂಗಸಾಗಿದ್ದರೆ ಸೌಟು ಎತ್ತುತ್ತಿದ್ದಳು. ಗೋದಾ ಹಾಸಿಗೆ ಕೊಡವಿದಳು, ಬೀರು ಬರಿದು ಮಾಡಿದಳು. ಅವನು ಅವಳ ಕಣ್ಣು ತಪ್ಪಿಸಿ ಒಂದೊಂದೇ ಡಬ್ಬಿ ತೆರೆದು ಸಾಸಿವೆ, ಮೆಂತ್ಯ, ಇಂಗಿನೊಳಗೆ ಬೆರಳಾಡಿಸಿದ. ಅವನ ತಾಯಿ ಕುಟ್ಟಾಣಿ ತಂದು, "ಗಾಜು ಒಡೆದ್ಬಿಡೋ" ಎಂದರು.

"ಒಬ್ಬಟ್ಟಿಗೆ ಗಾಜಿನ ಚೂರು ಬಿದ್ರೆ ಅತ್ತೆ?" ಎಂದಳು ಗೋದಾ.

ಕೊನೆಗೆ ವೇಣುಗೋಪಾಲ ಆಫೀಸಿನ ಯಶವಂತನಿಗೆ ಫೋನ್ ಮಾಡಿದ. ಕಾರಿನ ಬೀಗ ಮುರಿಯುವುದರಲ್ಲಿ ಅವನು ಇಡೀ ಕಂಪನಿಗೇ ನಿಪುಣ. ಬ್ಯಾಟರಾಯನಪುರದಿಂದ ಬೈಕಿನಲ್ಲಿ ಬಂದು, ಲ್ಯಾಪ್‌ಟಾಪ್ ಬಿಚ್ಚಿ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ಕಾರು ಲಬೋ ಲಬೋ ಎಂದು ಬಾಯಿ ಬಡಿದುಕೊಂಡಿತು. ಬೀದಿಯವರೆಲ್ಲ ಗೇಟಿಗೆ ಬಂದರು.

"ಆಗಲ್ಲ ಸಾರ್" ಎಂದ ಯಶವಂತ. "ಈ ಮಾಡೆಲ್‌ನಲ್ಲಿದ್ದ ತೂತನ್ನ ಹೋದ ತಿಂಗಳು ನಾನೇ ಮುಚ್ಚಿದ್ದು. ಅದಕ್ಕೆ ಬೇಕಾದ ಮಷಿನ್ ತರಿಸಿಕೊಟ್ಟಿದ್ದು ನೀವೇ."

"ಅಪ್‌ಡೇಟ್ ಹಾಕಿಸದೆ ಇದ್ದಿದ್ರೆ?"

"ಒಂದು ಚಾನ್ಸ್ ಇತ್ತು. ಹಾಕಿಸಿದ್ರಾ?"

"ಅದು ಬಂದ ದಿನವೇ."

"ಹೋಗ್ಲಿ, ಕೀ ಹತ್ತಿರದಲ್ಲಿದ್ರೆ ಅದರ ಸಿಗ್ನಲ್ ಆದ್ರೂ ಹಿಡೀಬಹುದಿತ್ತು. ಒಂದು ಪಿಸುಮಾತೂ ಇಲ್ಲ. ಸಕತ್ತಾಗಿ ಬಚ್ಚಿಟ್ಟಿದ್ದೀರ ಸಾರ್."

ಅಂಥ ಹೊತ್ತಿನಲ್ಲೂ ವೇಣುಗೋಪಾಲನ ಎದೆ ಒಂದು ಗಳಿಗೆ ಉಬ್ಬಿತು. ಆಮೇಲೆ ಗೋದಾಳನ್ನು ನೋಡಿದ. ಅವಳು ಕಾರಿನ ಹಿಂದಿನ ಗಾಜಿಗೆ ಎರಡೂ ಕೈ ಊರಿ ಒಳಗಿನ ಡಬ್ಬಗಳನ್ನು ನೋಡುತ್ತಿದ್ದಳು. ಏಪ್ರಿಲ್ ಬಿಸಿಲು ನೆತ್ತಿಗೇರುತ್ತಿತ್ತು. ಅವನಿಗೆ ನಿಜಕ್ಕೂ ಸಂಕಟವಾಯಿತು.

"ಸ್ಟೀಲ್ ಡಬ್ಬಿಲಿಟ್ಟಿದ್ದೆ ಕಣೇ" ಎಂದ. "ಫಾಯಿಲ್ ಸುತ್ತಿ, ಕಟ್ಟೆ ಮೇಲಿದ್ದ ಡಬ್ಬಿಲಿ."

ತಾಯಿ ಕುಟ್ಟಾಣಿ ಕೆಳಗಿಟ್ಟರು. "ಅಯ್ಯೋ, ಅದು ಅಮೀನಾ ಡಬ್ಬಿ ಕಣೋ! ಹಬ್ಬದ ಪಾಯಸ ಬಂದಿತ್ತಲ್ಲ. ಖಾಲಿ ವಾಪಸ್ ಕೊಡಬಾರದು ಅಂತ ಸಕ್ಕರೆ ಹಾಕಕ್ಕೆ ತೆಗೆದೆ. ಒಳಗೆ ಬೆಳ್ಳಿ ಕಾಗದದ ಪೊಟ್ಟಣ ಇತ್ತು. ಗೋದಾನೇ ಒಬ್ಬಟ್ಟು ಸುತ್ತಿಟ್ಟಿದ್ದಾಳೆ ಅಂದ್ಕೊಂಡು ಕೊಟ್ಬಿಟ್ಟೆ."

ಎದುರು ಮನೆಯ ಅಮೀನಾ ತಂಗಿಯ ಮನೆಗೆಂದು ಯಲಹಂಕಕ್ಕೆ ಹೋಗಿಯಾಗಿತ್ತು. ಬಾಗಿಲಿಗೆ ಬೀಗ. ವೇಣುಗೋಪಾಲ ಮೆಟ್ಟಿಲ ಮೇಲೆ ಕೂತ. ಗೋದಾ ಒಳಗೆ ಹೋಗಿ, ದೇವರ ಗೂಡಿನ ಪಕ್ಕದ ಮೊಳೆಯಿಂದ ಒಂದು ಬೀಗದ ಕೈ ತಂದಳು.

"ಇದೇನು?"

"ಅಮೀನಾ ಮನೇದು. ಹೊರಗೆ ಹೋದಾಗೆಲ್ಲ ಕೊಟ್ಟೇ ಹೋಗ್ತಾರೆ."

ಅಮೀನಾಗೆ ಫೋನಿನಲ್ಲಿ ಒಂದು ಮಾತು ಹೇಳಿ, ಗೋದಾ ಬೀಗ ತೆಗೆದು ಒಳಹೊಕ್ಕಳು. ಡಬ್ಬಿ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಕೀ ಕೈಗೆ ಬಂದದ್ದೇ ಸೀದಾ ಡ್ರೈವರ್ ಸೀಟಿಗೆ ಹೋದಳು.

"ಗೋದಾ, ಇದು..."

"ಕಂಪ್ಯೂಟರ್. ಗೊತ್ತು. ಹತ್ತಿ."

ಜಕ್ಕೂರಿನಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಮುನಿಆಂಜಿನಪ್ಪ ಒಂದು ಒಬ್ಬಟ್ಟು ಮುರಿದು ಬಾಯಿಗಿಟ್ಟ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಕೂತ ಒಬ್ಬಟ್ಟು ಆಗಷ್ಟೇ ಕಾವಲಿಯಿಂದ ಇಳಿದಂತಿತ್ತು. "ಅಲ್ಲಿಂದ ಇಲ್ಲೀಗಂಟ ಬಿಸಿ ಆರದಂಗೆ ತಂದವ್ರೆ ನೋಡ್ರಪ್ಪಾ!" ಎಂದು ಕೂಗಿದ. "ಮದುವೆಗೂ ಇಂಗೇ ಬಿಸಿಬಿಸಿ ಬರ್ಬೇಕು ಕಣಮ್ಮ."

ಖಾಲಿ ಡಬ್ಬಗಳನ್ನು ಡಿಕ್ಕಿಗೆ ಹಾಕಿದ ಮೇಲೆ ವೇಣುಗೋಪಾಲ ಅಭ್ಯಾಸಬಲದಿಂದ ಕೀಗೆ ಕೈ ಚಾಚಿದ. ಗೋದಾ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ಇಷ್ಟು ದಿನ ಕಳ್ಳರಿಂದ ಕಾರನ್ನ ಚೆನ್ನಾಗೇ ಕಾಪಾಡಿದ್ರಿ" ಎಂದಳು. "ನನ್ನನ್ನೂ ಅವರ ಜೊತೇಲೇ ಸೇರಿಸ್ಬಿಟ್ರಲ್ಲ."

ವೇಣುಗೋಪಾಲ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. "ನಿನ್ನ ಹೆಸರು ಇದರಲ್ಲಿ ಸೇರಿಸ್ತೀನಿ ಇರು" ಎಂದ. ಪರದೆಯ ಮೇಲೆ 'ಹೊಸ ಚಾಲಕಿ: ಗೋದಾ' ಎಂದು ಬರೆದ. ಕಾರು ಪಾಸ್‌ವರ್ಡ್ ಕೇಳಿತು. ಕಿಟಕಿ ತೆರೆದಿತ್ತು, ಹೊರಗೆ ಮುನಿಆಂಜಿನಪ್ಪನ ನೆಂಟರೆಲ್ಲ ಎಲೆಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದರು. ವೇಣುಗೋಪಾಲ ಹೆಂಡತಿಗೆ ಕೇಳಿಸಲಿ ಎಂದು ಅದರ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತಾ ಒತ್ತಿದ.