ಸದ್ದಿಲ್ಲದೆ ತಿಂದ ಸೋಬಾ

ಲಕ್ವ ಹೊಡೆದ ಮೇಲೆ ಶಿಗೆಜೋಗೆ ಮಾತು ಮರಳಿತು, ಬಲಗೈಯೂ ಮರಳಿತು. ನುಂಗುವ ಶಕ್ತಿ ಮಾತ್ರ ಪೂರ್ತಿ ಮರಳಲಿಲ್ಲ. ಒಂದು ಗುಟುಕು ನೀರಿಗೂ ಕೆಮ್ಮು. ಚಹಾವನ್ನು ಕೂಡ ಮಂದವಾಗಿಸುವ ಪುಡಿ ಬೆರೆಸಿ, ಗಂಜಿಯಷ್ಟು ಗಟ್ಟಿ ಮಾಡಿ ಕೊಡುತ್ತಿದ್ದರು.

ನಾಗಾನೊದ ಆ ಬೆಟ್ಟದೂರಿನಲ್ಲಿ ಐವತ್ತು ವರ್ಷ ಸೋಬಾ ಶಾವಿಗೆ ಕತ್ತರಿಸಿ ಬಡಿಸಿದವನು ಅವನು. ಈಗ ಅಂಗಡಿ ಮಗಳು ಚಿಜುರುವಿನ ಕೈಯಲ್ಲಿತ್ತು. ಶರತ್ಕಾಲದ ಹೊಸ ಬೆಳೆಯ ಹಿಟ್ಟು ಬಂದು ಹತ್ತು ದಿನವಾಗಿತ್ತು. ಅದರ ಮೊದಲ ಶಾವಿಗೆಯನ್ನು ಅಪ್ಪ ರುಚಿ ನೋಡದೆ ಅಂಗಡಿ ತೆರೆದಿದೆ ಎಂದು ಸಾರುವ ಪರದೆಯನ್ನು ಬಾಗಿಲಿಗೆ ತೂಗುಹಾಕುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಬೇರೆ ಅಂಗಡಿಗಳೆಲ್ಲ ಆಗಲೇ ತೆರೆದಿದ್ದವು.

ಶಿಗೆಜೋ ಊಟಕ್ಕೆ ಮುಂಚೆ, ಸ್ನಾನದ ತೊಟ್ಟಿಯಲ್ಲಿ, ಬಸ್ಸಿಗೆ ಕಾಯುವಾಗ ಕೂಡ, ನುಂಗುವ ಶಕ್ತಿ ಮರಳಲೆಂದು ಕಲಿಸಿದ ವ್ಯಾಯಾಮವನ್ನು ಬಿಡದೆ ಹೇಳುತ್ತಿದ್ದ: ಪ, ತ, ಕ, ರ. ತುಟಿಗೊಂದು, ನಾಲಿಗೆಯ ತುದಿಗೊಂದು, ಗಂಟಲಿಗೊಂದು, ಮಡಚುವ ನಾಲಿಗೆಗೊಂದು. ಆಮೇಲೆ ನಾಲಿಗೆಯಿಂದ ಚಮಚವನ್ನು ಮೂವತ್ತು ಸಲ ಮೇಲಕ್ಕೆ ಒತ್ತುವುದು.

"ಈ ವಯಸ್ಸಲ್ಲಿ ಅಕ್ಷರಾಭ್ಯಾಸ ಮಾಡಿಸ್ತಿದ್ದೀರಲ್ಲ, ಮೇಡಂ."

"ಮಕ್ಕಳಾದ್ರೆ ಇಷ್ಟು ಎದುರು ಮಾತಾಡಲ್ಲ, ಯಜಮಾನ್ರೇ," ಎಂದಳು ಚಿಕಿತ್ಸಕಿ ನಿಶಿಮುರ.

ಚಿಕಿತ್ಸೆಯ ಏಳನೆಯ ವಾರ, ಅವನು ಶಾವಿಗೆಯ ರುಚಿ ನೋಡಬಹುದೆಂದು ಅವಳು ಒಪ್ಪಿದಳು. ಚಿಜುರು ಬೆರಳುದ್ದಕ್ಕೆ ಕತ್ತರಿಸಿದ ಮೂರು ಎಳೆ ತಂದಿಟ್ಟಳು. ಶಿಗೆಜೋ ಮೊದಲ ಎಳೆಯನ್ನು ಅಭ್ಯಾಸಬಲದಿಂದ ಸೊರ್ರನೆ ಎಳೆದ. ಮರುಕ್ಷಣ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು.

ಕೆಮ್ಮು ನಿಂತ ಮೇಲೆ ನಿಶಿಮುರ ಹೇಳಿದಳು, "ಹಾಗೆ ಎಳೆದ್ರೆ ಗಾಳಿ ಜೊತೆ ಶಾವಿಗೇನೂ ಶ್ವಾಸದ ದಾರಿಗೆ ಹೋಗತ್ತೆ. ಸದ್ದು ಮಾಡ್ಬೇಡಿ."

"ಸದ್ದಿಲ್ದೆ ತಿನ್ನೋ ಗಿರಾಕಿ ಕಂಡ್ರೆ, ಏನಪ್ಪಾ, ಮದುವೆಗೆ ಹೆಣ್ಣು ನೋಡೋಕೆ ಬಂದಿದ್ದೀಯಾ ಅಂತಿದ್ದೋನು ನಾನು. ಎಳೀದಿದ್ರೆ ಘಮ ಹೇಗೆ ಗೊತ್ತಾಗತ್ತೆ?"

"ಬೇಡ ಬಿಡಪ್ಪಾ," ಎಂದಳು ಚಿಜುರು. "ಪರದೆ ಹಾಗೇ ಹಾಕ್ತೀನಿ."

"ತಟ್ಟೆ ಮುಟ್ಬೇಡ."

ಅವನು ಬೆನ್ನು ನೆಟ್ಟಗೆ ಮಾಡಿದ. ಗಲ್ಲವನ್ನು ಎದೆಯ ಕಡೆಗೆ ಬಾಗಿಸಿದ. ಎರಡನೆಯ ಎಳೆಯನ್ನು ನಾಲಿಗೆಯ ಮೇಲಿಟ್ಟು, ತುಟಿ ಮುಚ್ಚಿ, ನಿಧಾನವಾಗಿ ಅಗಿದ. ಉಸಿರು ಹಿಡಿದ. ಗಟ್ಟಿಯಾಗಿ ನುಂಗಿದ; ಉಳಿದದ್ದು ಇಳಿಯಲೆಂದು ಮತ್ತೊಮ್ಮೆ ನುಂಗಿದ.

"ಈಗ ಮೂಗಿಂದ ಉಸಿರು ಬಿಡಿ."

ಬಿಟ್ಟ. ಕೆಮ್ಮು ಬರಲಿಲ್ಲ. ಹೊರಗೆ ಹೋಗುವ ಉಸಿರಿನ ಜೊತೆ ಹೊಸ ಹಿಟ್ಟಿನ ಹಸಿರು ಘಮ ಗಂಟಲಿನಿಂದ ಮೂಗಿಗೇರಿತು. ಶಿಗೆಜೋ ಕಣ್ಣು ಮುಚ್ಚಿದ. ಮೂರನೆಯ ಎಳೆಯನ್ನೂ ಹಾಗೆಯೇ ತಿಂದ.

"ಹೇಗಿದೆ, ಅಪ್ಪಾ?"

"ಹಿಟ್ಟಿಗೆ ನೀರು ಒಂದು ಚಮಚ ಹೆಚ್ಚಾಗಿದೆ," ಎಂದ. "ನಾಳೆ ಕಮ್ಮಿ ಹಾಕು. ಹಾಕಿ ಅಂಗಡಿ ತೆಗಿ."