ಮೂವತ್ತೆಂಟು ನಕಲು

ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕಲು ಒಂದೇ ದಿನ ಉಳಿದಿತ್ತು. ಆಗಲೇ ನನ್ನ ಹಳೆಯ ಲ್ಯಾಪ್‌ಟಾಪ್‌ ಜಾಗವಿಲ್ಲ ಎಂದು ನಿಂತುಬಿಟ್ಟಿತು. ಹೊಸ ಫೋಟೋ ಉಳಿಯದು, ಅರ್ಜಿಯ ಪುಟ ಅರ್ಧ ತೆರೆದು ಅಲ್ಲಾಡದು. ಕಾರವಾರದ ರಿಪೇರಿ ಅಂಗಡಿಗೆ ಒಯ್ದೆ.

"ಎಲ್ಲಾ ಒರೆಸಿ ಹೊಸದಾಗಿ ಹಾಕ್ಬೇಕು ಮೇಡಂ. ಇಲ್ಲೇ ಇಟ್ಟು ಹೋಗಿ, ಮೂರು ದಿನ ಬಿಟ್ಟು ಬನ್ನಿ" ಎಂದರು ಅಂಗಡಿಯವರು.

ಮೂರು ದಿನ ಎಲ್ಲಿತ್ತು? ಅದನ್ನು ಕಂಕುಳಲ್ಲಿಟ್ಟುಕೊಂಡು ವಾಪಸ್ ಅಂಕೋಲೆಯ ಬಸ್ಸು ಹತ್ತಿದೆ.

ಅಲ್ಲಿನ ಬೊಬ್ರುವಾಡದ ನಮ್ಮ ಮನೆಯ ಜಗಲಿಯಲ್ಲಿ ಆಯಿ, ನನ್ನ ಅಮ್ಮ, ಮರುದಿನದ ಪೇಟೆಗೆ ಹರಿವೆ ಸೊಪ್ಪಿನ ಸೂಡಿ ಕಟ್ಟುತ್ತಿದ್ದಳು. ಪಕ್ಕದಲ್ಲೇ ಕೂತು ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಜಾಗ ತಿಂದದ್ದು ಸಿನಿಮಾ ಅಲ್ಲ, ಹಾಡೂ ಅಲ್ಲ, ನನ್ನವೇ ಪ್ರಮಾಣಪತ್ರಗಳು. ಅರ್ಜಿಗೊಂದು ಫೋಲ್ಡರ್, ಪ್ರತಿಯೊಂದರಲ್ಲೂ ಎಲ್ಲ ಅಂಕಪಟ್ಟಿ, ಜಾತಿ ಪತ್ರ, ಆದಾಯ ಪತ್ರ. ಅಕ್ಷರ ಮಸುಕೆಂದು ಯಾರಾದರೂ ತಳ್ಳಿಹಾಕಿಯಾರು ಎಂಬ ಹೆದರಿಕೆಗೆ ಎಲ್ಲವನ್ನೂ ಅತಿ ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಪದವಿ ಪತ್ರವೊಂದೇ ಮೂವತ್ತೆಂಟು ಕಡೆ ಇತ್ತು. ಮೂವತ್ತೆಂಟು ಅರ್ಜಿ ಹಾಕಿದವಳು ನಾನು, ಹೇಳಲು ನಾಚಿಕೆಯಿಲ್ಲ.

ಹೆದರಿಕೆಗೂ ಕಾರಣವಿತ್ತು. ಕಾಲೇಜು ಸೇರಿದ ವರ್ಷ ಆದಾಯ ಪತ್ರದ ಒಂದು ನಕಲು ಕಡಿಮೆಯಾಗಿ ಹಾಸ್ಟೆಲ್ ಸೀಟು ತಪ್ಪಿತ್ತು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಕಾರವಾರಕ್ಕೆ ಹೋಗಿ ಬಂದೆ. ಅರ್ಧ ಓದು ಆಗಿದ್ದೂ ಹಾಗೆ ನಿಂತೇ.

"ಎಂತ ತಂಗೀ, ಸುಮ್ನೆ ಕೂತಿ?" ಮಗಳನ್ನು ಹಾಗೇ ಕರೆಯುವ ಆಯಿ ಕೇಳಿದಳು.

"ಒಂದೇ ಕಾಗ್ದ ಮೂವತ್ತೆಂಟು ಸಲ ಅದೆ ಆಯಿ. ಅಳಿಸ್ಬೇಕು, ಕೈ ಬರೂದಿಲ್ಲ."

"ಮೂವತ್ತೆಂಟ? ಊರಿಗೆಲ್ಲಾ ಹಂಚೂಕೆ ಇಟ್ಕಂಡಿದ್ಯ?"

ಆಯಿ ಶಾಲೆಗೆ ಹೋದವಳಲ್ಲ. ಸೂಡಿ ಕೆಳಗಿಟ್ಟು ಒಳಗೆ ಹೋದಳು. ತಗಡಿನ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದೊಳಗಿನ ಪದವಿಯ ಮೂಲ ಪತ್ರವನ್ನು ತಂದು ನನ್ನೆದುರು ಇಟ್ಟಳು.

"ಇದು ಇಲ್ಲೇ ಅದೆ. ಅದ್ರಲ್ಲಿದ್ದದ್ದು ಹೋದ್ರೆ ನೀ ಓದಿದ್ದು ಹೋಗ್ತದ್ಯ?"

ಪ್ರತಿಯೊಂದರದೂ ಒಂದೊಂದು ನಕಲು ಉಳಿಸಿ ಮಿಕ್ಕದ್ದೆಲ್ಲ ಅಳಿಸಿದೆ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಜಾಗ ತುಂಬಿದೆ ಎಂದು ಪರದೆಯಲ್ಲಿ ಕೆಂಪಗಿದ್ದ ಪಟ್ಟಿ ನೀಲಿಯಾಯಿತು. ಯಾರ ಅಂಗಡಿಯೂ ಬೇಕಾಗಲಿಲ್ಲ. ಹೊತ್ತು ಮುಳುಗುವ ಮೊದಲೇ ಅರ್ಜಿ ಹೋಯಿತು, ಸ್ವೀಕೃತಿಯ ನಂಬರೂ ಬಂತು.

"ಈಗ ಎಷ್ಟು ಉಳೀತು?" ಆಯಿ ಕೇಳಿದಳು.

"ಒಂದು."

"ಸಾಕು. ನಮ್ಮನೆಗೆ ಇಂತಾ ಕಾಗ್ದ ಬಂದದ್ದೂ ಒಂದೇ ಅಲ್ವ?"

ಪತ್ರವನ್ನು ಮತ್ತೆ ಚೀಲಕ್ಕೆ ಹಾಕುವ ಮುನ್ನ ಅವಳು ಹರಿವೆಯ ಕೆಂಪು ಹತ್ತಿದ ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡಳು.