ಕಲ್ಲೇಶ ಆರಿಸಿದ ಲೈಟು

ಕಲ್ಲೇಶ ಒಂದು ಲೈಟು ಆರಿಸಲು ಎರಡು ವರ್ಷ ತೆಗೆದುಕೊಂಡ. ಅವನಿಗೆ ಅಜ್ಜಂಪುರದಲ್ಲಿ ಸ್ಟುಡಿಯೊ, ನನಗೆ ಕಡೂರಿನಲ್ಲಿ. ಒಂದೇ ಕಡೆ ಕೆಲಸ ಕಲಿತವರಾದ್ದರಿಂದ ಬೈಯುವ ಹಕ್ಕು ನನಗಿತ್ತು, ಬೈದೆ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ಯೋಚಿಸಿರಲಿಲ್ಲ. ಮಲ್ಲಿಕಾಂಬ ಉಪ್ಪಿಟ್ಟಿನ ತಟ್ಟೆ ಇಟ್ಟು ಒಳಗೆ ತಿರುಗುವಷ್ಟರಲ್ಲಿ ಒಪ್ಪಿಬಿಟ್ಟಿದ್ದ. ಪಕ್ಕದಲ್ಲಿ ಕೂತಿದ್ದವನು ನಾನೇ.

ಮನೆಮನೆಗೆ ಹೋಗಿ ಕುಟುಂಬದ ಪಟ ತೆಗೆಯುವುದು ಅವನ ಕೆಲಸ. ಬುಕ್ಕಾಂಬುಧಿಯಿಂದ ಹಿರೇನಲ್ಲೂರಿನವರೆಗೆ ಎಷ್ಟೋ ಪಡಸಾಲೆಗಳಲ್ಲಿ ಅಜ್ಜಿಯರ ಸೆರಗು ಸರಿಪಡಿಸಿ, ಮಕ್ಕಳಿಗೆ ಬೀಗದ ಕೈ ಅಲ್ಲಾಡಿಸಿ, ಎಲ್ಲರೂ ಕಣ್ಣು ಬಿಟ್ಟಿರುವ ಪಟ ಕೊಟ್ಟವನು. ಇದ್ದಕ್ಕಿದ್ದಂತೆ ಅವನಿಗೆ ಕ್ಯಾಮೆರಾದ ಮೇಲಿನ ಸಣ್ಣ ಫ್ಲ್ಯಾಶ್ ಸಾಲದಾಯಿತು. ಬ್ಯಾಟರಿಯಲ್ಲಿ ನಡೆಯುವ, ಮುಂದೆ ಬಿಳಿ ಬಟ್ಟೆಯ ದೊಡ್ಡ ಪೆಟ್ಟಿಗೆ ಕಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಲೈಟು ಬೇಕಿತ್ತು.

ವಾರಕ್ಕೊಂದು ಫೋನು. ನಾನೂರು ವ್ಯಾಟಿನದು ಭಾರ, ಸ್ಕೂಟರಿನಲ್ಲಿ ಸಾಗಿಸಲಾಗದು. ನೂರರದು ಹಗುರ, ಆದರೆ ಹತ್ತು ಜನ ನಿಂತರೆ ಅಂಚಿನವರ ಮುಖ ಕಪ್ಪು. ಇನ್ನೂರರದಕ್ಕೆ ಬಂದು ನಿಂತರೆ ಆಗ ಪೆಟ್ಟಿಗೆಯ ಅಳತೆಯ ಚಿಂತೆ. ಹೀಗೆ ಅಳೆದೂ ಸುರಿದೂ ಕಾಲ ಕಳೆದ.

“ಬೆಳಕು ಇನ್ನೂ ಮೆತ್ತಗಿರ್ಬೇಕು ಕಣೋ ಪರಮೇಶ, ಕಣ್ಣಿಗೆ ಹೊಡೀಬಾರ್ದು.”

“ಯಾರ ಕಣ್ಣಿಗೋ?”

“ಗಿರಾಕಿಗಳ ಕಣ್ಣಿಗೆ.”

ಅದು ಸುಳ್ಳು. ನನಗೆ ಗೊತ್ತಾಗಿದ್ದು ಮಲ್ಲಿಕಾಂಬ ತೀರಿಕೊಂಡ ದಿನ.

ಬೆಳಗ್ಗೆ ಎದೆನೋವು ಎಂದವಳು ಶಿವಮೊಗ್ಗದ ದಾರಿಯಲ್ಲಿ ತರೀಕೆರೆ ದಾಟಲಿಲ್ಲ. ನಲವತ್ತಾರು ವರ್ಷ. ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದವಳು. ನಾನು ಹೋಗುವ ಹೊತ್ತಿಗೆ ನಮ್ಮವರ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರು ಜೊತೆಗೆ ಕೂತು ಒಂದು ಪಟ ತೆಗೆಸುವುದು ನಮ್ಮಲ್ಲಿ ವಾಡಿಕೆ. ಅಂಥ ಪಟಗಳನ್ನು ಕಲ್ಲೇಶ ಲೆಕ್ಕವಿಲ್ಲದಷ್ಟು ತೆಗೆದಿದ್ದಾನೆ. ಆ ದಿನ ಹಿರಿಯರು ಅವನ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು.

ಜಾಗ ಇದೆಯೇ ಎಂದು ಅದರ ಮೆಮೊರಿ ಕಾರ್ಡು ನೋಡಿದೆ. ಕಾರ್ಡಿನ ತುಂಬ ಇದೇ ಪಡಸಾಲೆ, ಇದೇ ಗೋಡೆ. ಕಲ್ಲೇಶ, ಮಗಳು ನಿಶ್ಚಿತಾ, ನಡುವೆ ಮಲ್ಲಿಕಾಂಬ. ಟೈಮರ್ ಇಟ್ಟು ಓಡಿಬಂದು ಕೂತು ತೆಗೆದವು. ಯುಗಾದಿಯದು, ದೀಪಾವಳಿಯದು, ಮತ್ತೆ ಯುಗಾದಿಯದು, ಹಿಂದಿನ ಭಾನುವಾರದ್ದು. ಒಂದೊಂದರಲ್ಲೂ ಅವಳ ಕಣ್ಣು ಮುಚ್ಚಿತ್ತು.

“ಅಮ್ಮಂಗೆ ಫ್ಲ್ಯಾಶ್ ಆಗಲ್ಲ ಮಾವ,” ಎಂದಳು ಪಕ್ಕದಲ್ಲಿ ನಿಂತಿದ್ದ ನಿಶ್ಚಿತಾ. “ಫೋನಲ್ಲಿ ಅಮ್ಮ ಒಬ್ರೇ ಇರೋವು ಬೇಕಾದಷ್ಟಿವೆ. ಮೂರೂ ಜನ ಒಟ್ಟಿಗಿರೋದು ಒಂದೂ ಇಲ್ಲ. ಮೆತ್ತನೆ ಲೈಟ್ ತಂದು ಅಮ್ಮ ಕಣ್ಣು ಬಿಟ್ಟಿರೋ ಹಂಗೆ ತೆಗೀತೀನಿ, ಅದನ್ನೇ ಈ ಗೋಡೆಗೆ ಹಾಕಾಣ ಅಂತಿದ್ರು ಅಪ್ಪ. ನಿಮಗೆ ಹೇಳ್ಬೇಡ ಅಂದಿದ್ರು, ನಗ್ತೀರಾ ಅಂತ.”

ಹೇಳಿದ್ದರೆ ನಗುತ್ತಿದ್ದೆ, ನಿಜ. ಊರವರಿಗೆಲ್ಲ ಕಣ್ಣು ಬಿಡಿಸಿದವನಿಗೆ ಹೆಂಡತಿಯ ಕಣ್ಣು ಬಿಡಿಸಲು ಬರಲಿಲ್ಲ ಎಂದು ಒಂದು ವರ್ಷ ಆಡಿಕೊಳ್ಳುತ್ತಿದ್ದೆ. ಆಡಿಕೊಂಡಾದ ಮೇಲೆ ದಾರಿ ಹೇಳಿಕೊಡುತ್ತಿದ್ದೆ.

ಮದ್ದು ಅವನ ಹಳೆಯ ಫ್ಲ್ಯಾಶ್‌ನಲ್ಲೇ ಇತ್ತು. ಆಟೋ ಮೋಡ್‌ನಲ್ಲಿ ಇಟ್ಟರೆ ಅದು ಎರಡು ಸಲ ಮಿಂಚುತ್ತದೆ. ಮೊದಲು ಸಣ್ಣಗೆ, ಬೆಳಕು ಅಳೆಯಲು. ಹಿಂದೆಯೇ ಜೋರಾಗಿ, ಪಟಕ್ಕೆ. ನೋಡುವವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಕೆಲವರ ರೆಪ್ಪೆ ಬಲು ಚುರುಕು, ಮೊದಲನೆಯದಕ್ಕೇ ಮುಚ್ಚಿಕೊಂಡು ಎರಡನೆಯದಕ್ಕೆ ಸಿಕ್ಕಿಬೀಳುತ್ತದೆ. ನನ್ನ ಚಿಕ್ಕಮ್ಮನದೂ ಅಂಥದ್ದೇ. ಮ್ಯಾನ್ಯುಯಲ್‌ಗೆ ಹಾಕಿದರೆ ಮಿಂಚುವುದು ಒಂದೇ ಸಲ, ಕಣ್ಣು ಬಿಟ್ಟೇ ಇರುತ್ತದೆ. ಒಂದು ಬಟನ್ ಒತ್ತುವ ಕೆಲಸ.

ಯಾಕೋ ಆ ಬಟನ್ ಒತ್ತಿದೆ. ತಾಯಿಯ ಎಡಕ್ಕೆ ಮಗಳು, ಬಲಕ್ಕೆ ಕಲ್ಲೇಶ ಕೂತರು. ಒಂದು ಪಟ ತೆಗೆದೆ. ಕಲ್ಲೇಶ ಎದ್ದು ಬಂದು ಕ್ಯಾಮೆರಾ ತೆಗೆದುಕೊಂಡು, ಎಂದಿನ ಅಭ್ಯಾಸದಂತೆ ಪರದೆಯಲ್ಲಿ ಮುಖಗಳನ್ನು ದೊಡ್ಡದು ಮಾಡಿ ನೋಡಿದ.

“ಕಣ್ಣು ಮುಚ್ಚಿದಾಳೆ ಕಣೋ,” ಎಂದ. “ಇನ್ನೊಂದು ತೆಗಿ.”

ಅಂದ ಮೇಲೆ ಅವನಿಗೇ ಗೊತ್ತಾಯಿತು. ಅಲ್ಲೇ ಕುಸಿದು ಕೂತ. ಅವನನ್ನು ಎಬ್ಬಿಸಲು ಹೋದ ನಾನೂ ಅತ್ತುಬಿಟ್ಟೆ.

ಮಲ್ಲಿಕಾಂಬಳ ಶಿವಗಣಾರಾಧನೆ ಮುಗಿದ ಮರುದಿನ ಪಾರ್ಸೆಲ್ ಬಂತು. ಆ ಕೊನೆಯ ಭಾನುವಾರದ ಪಟ ನೋಡಿದ ಮೇಲೆ ಕೊನೆಗೂ ಆರ್ಡರ್ ಮಾಡಿದ್ದನಂತೆ, ಇನ್ನೂರು ವ್ಯಾಟಿನದನ್ನೇ. ನಾನಿನ್ನೂ ಅಲ್ಲೇ ಇದ್ದೆ. ಪೆಟ್ಟಿಗೆ ಕಟ್ಟಿ, ಸ್ಟ್ಯಾಂಡು ನಿಲ್ಲಿಸಿ, ಖಾಲಿ ಗೋಡೆಯ ಪಟ ಒಂದು ತೆಗೆದ. ಬೆಳಕು ಅವನು ಬಯಸಿದಷ್ಟೇ ಮೆತ್ತಗಿತ್ತು. ಆದರೆ ಅದನ್ನೂ ಆಟೋದಲ್ಲೇ ಇಟ್ಟಿದ್ದ. ಇದಕ್ಕೂ ಅವಳ ಕಣ್ಣು ಮುಚ್ಚೇ ಇರುತ್ತಿತ್ತು.

“ಇದ್ರಲ್ಲಾಗಿದ್ರೆ ಕಣ್ಣು ಬಿಟ್ಟಿರೋಳು ಅಲ್ವೇನೋ?” ಎಂದು ಕೇಳಿದ.

ಬಟನ್ನಿನ ವಿಷಯ ಬಾಯಿಯ ತನಕ ಬಂದಿತ್ತು, ನುಂಗಿಕೊಂಡೆ. ಅವನಿಗೆ ಸಮಾಧಾನವಾಗಲಿ ಎಂದು, “ಬಿಟ್ಟಿರೋಳು ಕಣೋ,” ಎಂದೆ.

ಅವನು ಲೈಟನ್ನು ಆರಿಸಿದ.

“ಹಂಗಾದ್ರೆ ನಾನೇ ತಡ ಮಾಡ್ಬಿಟ್ಟೆ,” ಎಂದ.